ಇದೆ, ಆಯ್ತು, ಬೇಕು, ಮಾಡಿಸು: ಎಲ್ಲಕ್ಕೂ ಒಂದೇ ‘ಹ್ಯಾವ್’

ಪ್ರಶ್ನೆ: ಕನ್ನಡ ಮಾಧ್ಯಮದಲ್ಲಿ ಓದಿ ಈಗ ಬೆಂಗಳೂರಿನ ಕಂಪನಿಯೊಂದರಲ್ಲಿ ಕೆಲಸದಲ್ಲಿದ್ದೇನೆ. ‘ಐ ಆಮ್ ಹ್ಯಾವಿಂಗ್ ಎ ಡೌಟ್’ ಎಂದಾಗ ಟೀಮ್ ಲೀಡ್ ತಿದ್ದಿದರು. ‘ಐ ಆಮ್ ಹ್ಯಾವಿಂಗ್ ಲಂಚ್’ ಮಾತ್ರ ಸರಿಯಂತೆ. ಕೆಲವು ಮೇಲ್‌ಗಳಲ್ಲಿ ‘ಹ್ಯಾಡ್ ಹ್ಯಾಡ್’ ಎಂದು ಎರಡು ಸಲ ಬಂದಿರುತ್ತದೆ, ಅದು ಟೈಪಿಂಗ್ ತಪ್ಪೋ ವ್ಯಾಕರಣವೋ ತಿಳಿಯುವುದಿಲ್ಲ. ‘ಹ್ಯಾವ್ ಟು’, ‘ಹ್ಯಾವ್ ಗಾಟ್’, ‘ಹ್ಯಾವ್ ಬೀನ್’ ಇವೆಲ್ಲ ಒಂದೇ ಪದವೇ? ಇದನ್ನು ಹಿಡಿತಕ್ಕೆ ತಂದುಕೊಳ್ಳುವುದು ಹೇಗೆ?

ಉತ್ತರ: ಒಂದೇ ಪದ. ತೊಡಕು ಬರುವುದು ಅದಕ್ಕೆ ಸಮನಾದ ಕ್ರಿಯಾಪದ ಕನ್ನಡದಲ್ಲಿ ಇಲ್ಲದಿರುವುದರಿಂದ. ಶಾಲೆಯಲ್ಲಿ ‘ಗೋ’ ಎಂದರೆ ಹೋಗು, ‘ಈಟ್’ ಎಂದರೆ ತಿನ್ನು ಎನ್ನುವ ಸಾಲಿನಲ್ಲೇ ‘ಹ್ಯಾವ್’ ಎಂದರೆ ಹೊಂದು ಎಂದೂ ಬರೆಸಿಬಿಡುತ್ತಾರೆ. ಆದರೆ ‘ನಾನು ಇಬ್ಬರು ತಮ್ಮಂದಿರನ್ನು ಹೊಂದಿದ್ದೇನೆ’ ಎಂದು ಯಾರ ಮನೆಯಲ್ಲಿ ಮಾತಾಡುತ್ತಾರೆ? ‘ನನಗೆ ಇಬ್ಬರು ತಮ್ಮಂದಿರು’ ಎಂದರೆ ಮುಗಿಯಿತು, ಕ್ರಿಯಾಪದವೇ ಬೇಕಿಲ್ಲ. ಹಾಗಾಗಿ ನಿಘಂಟಿನ ಅರ್ಥಗಳನ್ನು ಉರು ಹೊಡೆಯುವುದು ಬಿಟ್ಟು, ನಿಮ್ಮ ಬಾಯಿಗೆ ಬರುವ ಕನ್ನಡ ವಾಕ್ಯದ ಬಾಲ ಹಿಡಿಯಿರಿ. ಅಲ್ಲಿರುವುದು ‘ಇದೆ’ಯೋ, ‘ಆಗ್ತಾ ಇದೆ’ಯೋ, ‘ಬೇಕು’ ಎಂದೋ, ‘ಮಾಡಿಸಿದೆ’ ಎಂದೋ ನೋಡಿಕೊಂಡರೆ ಯಾವ ‘ಹ್ಯಾವ್’ ಬೇಕೆಂಬುದು ಬಹುಪಾಲು ಅಲ್ಲೇ ತೀರ್ಮಾನವಾಗುತ್ತದೆ.

‘ಇದೆ’ಯಿಂದ ಶುರು ಮಾಡೋಣ. ನನಗೆ ಜ್ವರ ಇದೆ, ನನ್ನ ಹತ್ತಿರ ಚಿಲ್ಲರೆ ಇದೆ, ಅವಳಲ್ಲಿ ತಾಳ್ಮೆ ಇದೆ, ಮನೆಗೆ ಮೂರು ಬಾಗಿಲಿವೆ. ಯಾರಿಗೆ, ಯಾರ ಹತ್ತಿರ, ಯಾರಲ್ಲಿ ಎಂದು ನಾವು ಬೇರೆ ಬೇರೆ ರೂಪದಲ್ಲಿ ಹೇಳುವುದನ್ನೆಲ್ಲ ಇಂಗ್ಲಿಷ್ ಒಂದೇ ಅಚ್ಚಿಗೆ ಹಾಕುತ್ತದೆ: ಇರುವ ವಸ್ತು ಹಿಂದಕ್ಕೆ ಸರಿಯುತ್ತದೆ, ಅದು ಯಾರದ್ದೋ ಅವರು ಕರ್ತೃವಾಗಿ ಮುಂದೆ ಬರುತ್ತಾರೆ. ‘ಐ ಹ್ಯಾವ್ ಎ ಫೀವರ್’, ‘ಐ ಹ್ಯಾವ್ ಚೇಂಜ್’, ‘ಶಿ ಹ್ಯಾಸ್ ಪೇಶೆನ್ಸ್’. ಬಾಗಿಲು ಮೂರಿದ್ದರೂ ಮನೆ ಒಂದೇ ಆದ್ದರಿಂದ ‘ದ ಹೌಸ್ ಹ್ಯಾಸ್ ತ್ರೀ ಡೋರ್ಸ್’. ಕನ್ನಡದಲ್ಲಿ ‘ಇವೆ’ ಎಂಬುದು ಬಾಗಿಲಿನ ಲೆಕ್ಕ ನೋಡುತ್ತದೆ, ಇಂಗ್ಲಿಷಿನ ‘ಹ್ಯಾಸ್’ ಮನೆಯ ಲೆಕ್ಕ ನೋಡುತ್ತದೆ. ‘ದ ಹೌಸ್ ಹ್ಯಾವ್ ತ್ರೀ ಡೋರ್ಸ್’ ಎಂಬ ತಪ್ಪು ಹುಟ್ಟುವುದು ಇಲ್ಲಿ.

ಈ ಅದಲುಬದಲು ಅರ್ಧಕ್ಕೆ ನಿಂತಾಗ ನಮ್ಮ ಆಫೀಸುಗಳ ಪ್ರಸಿದ್ಧ ‘ದೇರ್’ ಕಾಣಿಸಿಕೊಳ್ಳುತ್ತದೆ. ‘ಟುಡೇ ಮೀಟಿಂಗ್ ಈಸ್ ದೇರ್’, ‘ಒನ್ ಡೌಟ್ ಈಸ್ ದೇರ್’, ‘ವಿತ್ ಮಿ ಕಾರ್ ಈಸ್ ದೇರ್’. ಇವು ಕನ್ನಡದ ‘ಇದೆ’ಯನ್ನು ಹಾಗೇ ಎತ್ತಿಟ್ಟ ವಾಕ್ಯಗಳು. ‘ಐ ಹ್ಯಾವ್ ಎ ಮೀಟಿಂಗ್ ಟುಡೇ’, ‘ಐ ಹ್ಯಾವ್ ಎ ಕಾರ್’ ಎಂದು ಮನುಷ್ಯರನ್ನು ಮುಂದೆ ತನ್ನಿ. ಜಾಗದ ವಿಷಯವಾದರೆ ಎರಡು ದಾರಿ ಇವೆ. ‘ನಮ್ಮೂರಲ್ಲಿ ಎರಡು ಕೆರೆ ಇವೆ’ ಎಂಬುದು ‘ದೇರ್ ಆರ್ ಟೂ ಲೇಕ್ಸ್ ಇನ್ ಅವರ್ ವಿಲೇಜ್’ ಆಗಬಹುದು, ‘ಅವರ್ ವಿಲೇಜ್ ಹ್ಯಾಸ್ ಟೂ ಲೇಕ್ಸ್’ ಕೂಡ ಆಗಬಹುದು. ‘ಅಲ್ಲಿ’ ಎಂಬ ವಿಭಕ್ತಿಯನ್ನು ಉಳಿಸಿಕೊಂಡರೆ ‘ದೇರ್’, ಊರನ್ನೇ ಕರ್ತೃ ಮಾಡಿದರೆ ‘ಹ್ಯಾಸ್’. ಎರಡನ್ನೂ ಬೆರೆಸಿ ‘ಇನ್ ಅವರ್ ವಿಲೇಜ್ ಹ್ಯಾವ್ ಟೂ ಲೇಕ್ಸ್’ ಎಂದರೆ ವಾಕ್ಯಕ್ಕೆ ಕರ್ತೃವೇ ಇರುವುದಿಲ್ಲ.

ತಿರುಗುಮುರುಗಾದ ತಪ್ಪು ಇನ್ನೂ ಹೆಚ್ಚು ಕಣ್ಣಿಗೆ ಬೀಳುತ್ತದೆ. ‘ಈ ಫೋನ್ 5000 ಎಂಎಎಚ್ ಬ್ಯಾಟರಿಯನ್ನು ಹೊಂದಿದೆ’ ಎಂಬ ಜಾಹೀರಾತಿನ ಕನ್ನಡವನ್ನು ನೋಡಿರುತ್ತೀರಿ. ಫೋನಿನಲ್ಲಿ ಬ್ಯಾಟರಿ ಇದೆ ಎಂದರೆ ಸಾಕು. ‘ಹ್ಯಾವ್’ ಕಂಡಲ್ಲೆಲ್ಲ ‘ಹೊಂದು’ ಹಾಕುವ ಅಭ್ಯಾಸ ಎರಡೂ ಭಾಷೆಗಳನ್ನು ಕೆಡಿಸುತ್ತದೆ.

ಈಗ ನಿಮ್ಮ ಟೀಮ್ ಲೀಡ್ ತಿದ್ದಿದ ವಾಕ್ಯ. ‘ಇಂಗ್’ ಸೇರಿಸಬಹುದೇ ಬಾರದೇ ಎಂಬುದಕ್ಕೆ ಕನ್ನಡದಲ್ಲೇ ಒಳ್ಳೆಯ ಒರೆಗಲ್ಲಿದೆ. ಕನ್ನಡದಲ್ಲಿ ಬರೀ ‘ಇದೆ’ ಬಂದರೆ ‘ಹ್ಯಾವ್’. ‘ಮಾಡ್ತಾ ಇದ್ದೀನಿ’, ‘ಆಗ್ತಾ ಇದೆ’, ‘ನಡೀತಾ ಇದೆ’ ಎಂದು ಬಂದರೆ ‘ಹ್ಯಾವಿಂಗ್’. ಡೌಟ್ ಇದೆ, ಕಾರ್ ಇದೆ, ಟೈಮ್ ಇಲ್ಲ: ಇವು ಸ್ಥಿತಿ, ‘ಇಂಗ್’ ಕೂಡದು. ಊಟ ಮಾಡ್ತಾ ಇದ್ದೀನಿ ಎಂಬುದು ಕೆಲಸ, ‘ಐ ಆಮ್ ಹ್ಯಾವಿಂಗ್ ಲಂಚ್’ ಸರಿ. ಲಾಗಿನ್ ಮಾಡೋಕೆ ತೊಂದರೆ ಆಗ್ತಾ ಇದೆ, ‘ಐ ಆಮ್ ಹ್ಯಾವಿಂಗ್ ಟ್ರಬಲ್ ಲಾಗಿಂಗ್ ಇನ್’ ಸರಿ. ‘ವಿ ಹ್ಯಾವ್ ಎ ಮೀಟಿಂಗ್’ ಎಂದರೆ ಮೀಟಿಂಗ್ ಇದೆ, ‘ವಿ ಆರ್ ಹ್ಯಾವಿಂಗ್ ಎ ಮೀಟಿಂಗ್’ ಎಂದರೆ ನಡೀತಾ ಇದೆ. ಮುಂದೆ ಗೊತ್ತುಮಾಡಿಕೊಂಡದ್ದಕ್ಕೂ ಇದು ಹೊಂದುತ್ತದೆ: ಭಾನುವಾರ ನೆಂಟರು ಬರ್ತಾ ಇದ್ದಾರೆ, ‘ವಿ ಆರ್ ಹ್ಯಾವಿಂಗ್ ಗೆಸ್ಟ್ಸ್ ಆನ್ ಸಂಡೇ’.

ಇದು ಕೈಕೊಡುವ ಜಾಗ ಕಾಯಿಲೆ. ತಲೆ ನೋಯ್ತಾ ಇದೆ ಎನ್ನುತ್ತೇವೆ, ಆದರೆ ಇಂಗ್ಲಿಷಿನವರಿಗೆ ತಲೆನೋವು ಕೂಡ ಕೈಯಲ್ಲಿರುವ ಒಂದು ವಸ್ತುವಿನ ಹಾಗೆ: ‘ಐ ಹ್ಯಾವ್ ಎ ಹೆಡೇಕ್’. ಕೆಮ್ಮು, ನೆಗಡಿ, ಹೊಟ್ಟೆನೋವಿಗೂ ಇದೇ ಲೆಕ್ಕ.

‘ಇಂಗ್’ ತಪ್ಪಿ ಬಿದ್ದರೆ ವ್ಯಾಕರಣವಷ್ಟೇ ಕೆಡುತ್ತದೆ ಎಂದುಕೊಳ್ಳಬೇಡಿ, ಕೆಲವು ಕಡೆ ಅರ್ಥವೇ ಜಿಗಿಯುತ್ತದೆ. ‘ಶಿ ಹ್ಯಾಸ್ ಎ ಬೇಬಿ’ ಎಂದರೆ ಅವಳಿಗೊಂದು ಮಗುವಿದೆ. ‘ಶಿ ಈಸ್ ಹ್ಯಾವಿಂಗ್ ಎ ಬೇಬಿ’ ಎಂದರೆ ಅವಳು ಬಸುರಿ. ಇಬ್ಬರು ಮಕ್ಕಳ ತಾಯಿಯನ್ನು ಪರಿಚಯಿಸುತ್ತ ‘ಶಿ ಈಸ್ ಹ್ಯಾವಿಂಗ್ ಟೂ ಚಿಲ್ಡ್ರನ್’ ಎಂದರೆ ಕೇಳಿದವರು ಅವಳಿ ಜವಳಿ ಎಂದುಕೊಳ್ಳುತ್ತಾರೆ.

ಟೀಮ್ ಲೀಡ್ ತಿದ್ದಿದ ನಿಮ್ಮ ವಾಕ್ಯದಲ್ಲಿ ಇನ್ನೊಂದು ಮುಳ್ಳೂ ಇತ್ತು, ‘ಡೌಟ್’. ನಮ್ಮ ತರಗತಿಗಳಲ್ಲಿ ಅರ್ಥವಾಗದ್ದನ್ನು ಕೇಳುವುದಕ್ಕೆ ಡೌಟ್ ಎನ್ನುತ್ತೇವೆ. ಭಾರತದ ಹೊರಗೆ ‘ಐ ಹ್ಯಾವ್ ಎ ಡೌಟ್’ ಎಂದರೆ ‘ನೀವು ಹೇಳಿದ್ದರ ಮೇಲೆ ನನಗೆ ನಂಬಿಕೆ ಸಾಲದು’ ಎಂಬ ಧ್ವನಿ ಬರುತ್ತದೆ. ಹೊರದೇಶದ ಕ್ಲೈಂಟ್ ಜೊತೆ ‘ಐ ಹ್ಯಾವ್ ಎ ಕ್ವೆಶ್ಚನ್’ ಎನ್ನಿ.

ಊಟತಿಂಡಿಯ ‘ಹ್ಯಾವ್’ ಸುಲಭ. ತಿನ್ನುವುದೋ ಕುಡಿಯುವುದೋ ಎಂಬ ವಿವರ ಬೇಡವಾದಾಗ ಇಂಗ್ಲಿಷ್ ‘ಹ್ಯಾವ್’ ಬಳಸುತ್ತದೆ, ನಾವು ‘ತಗೊಳ್ಳಿ’ ಎನ್ನುವ ಹಾಗೆ. ‘ತಗೊಳ್ಳಿ’ಯನ್ನು ‘ಟೇಕ್’ ಮಾಡಿ ‘ಟೇಕ್ ಕಾಫಿ’ ಎಂದರೆ ಇಲ್ಲಿ ನಡೆಯುತ್ತದೆ, ಹೊರಗಿನವರಿಗೆ ಎತ್ತಿಕೊಂಡು ಹೋಗಿ ಎಂದಂತೆ ಕೇಳಬಹುದು. ‘ಹ್ಯಾವ್ ಸಮ್ ಕಾಫಿ’ ಸರಿ. ಮಾತ್ರೆಗೆ ಮಾತ್ರ ಉಲ್ಟಾ: ನುಂಗುವುದಕ್ಕೆ ‘ಟೇಕ್ ಎ ಟ್ಯಾಬ್ಲೆಟ್’. ‘ಐ ಹ್ಯಾವ್ ಎ ಟ್ಯಾಬ್ಲೆಟ್’ ಎಂದರೆ ಮಾತ್ರೆ ನನ್ನ ಹತ್ತಿರ ಇದೆ ಎಂದಷ್ಟೇ. ಸ್ನಾನಕ್ಕೆ ಬ್ರಿಟನ್ನಿನವರು ‘ಹ್ಯಾವ್ ಎ ಬಾತ್’ ಎಂದರೆ ಅಮೆರಿಕದವರು ‘ಟೇಕ್ ಎ ಬಾತ್’ ಎನ್ನುತ್ತಾರೆ, ಎರಡೂ ನಡೆಯುತ್ತವೆ.

‘ಊಟ ಆಯ್ತಾ?’ ಎಂಬುದನ್ನು ‘ಈಸ್ ಯುವರ್ ಲಂಚ್ ಓವರ್?’ ಎನ್ನುವ ಬದಲು ‘ಹ್ಯಾವ್ ಯೂ ಹ್ಯಾಡ್ ಲಂಚ್?’ ಎಂದು ಕೇಳಿ. ಮೊದಲನೆಯ ‘ಹ್ಯಾವ್’ ಬರೀ ಕಾಲ ಹೇಳುವ ಸಹಾಯಕ, ಎರಡನೆಯ ‘ಹ್ಯಾಡ್’ ಊಟ ಮಾಡುವ ಅಸಲಿ ಕೆಲಸ. ಉತ್ತರ ಕೊಡುವಾಗ ಸಹಾಯಕವನ್ನೇ ಹಿಂತಿರುಗಿಸಬೇಕು: ‘ಎಸ್, ಐ ಹ್ಯಾವ್’. ‘ಎಸ್, ಐ ಹ್ಯಾಡ್’ ಎಂಬುದು ನಮ್ಮ ಕ್ಯಾಂಟೀನುಗಳಲ್ಲಿ ಎಷ್ಟೇ ಓಡಾಡಿದರೂ ಹೊರಗಿನವರಿಗೆ ಅರ್ಧಕ್ಕೆ ನಿಂತ ಮಾತು. (ಸಂಜೆ ಐದಕ್ಕೂ ಊಟ ಆಯ್ತಾ ಎಂದು ಕೇಳುವ ನಮ್ಮ ಕುಶಲಪ್ರಶ್ನೆ ಅಲ್ಲಿಲ್ಲ. ಹನ್ನೆರಡೂವರೆಗೆ ಹಾಗೆ ಕೇಳಿದರೆ ಊಟಕ್ಕೆ ಕರೆಯುತ್ತಿದ್ದೀರಿ ಎಂದುಕೊಂಡಾರು.)

ಈ ಸಹಾಯಕ ‘ಹ್ಯಾವ್’ ಎಲ್ಲಿಂದ ಬಂತು ಎಂದು ತಿಳಿದರೆ ಅದರ ಬಳಕೆ ಬೇಗ ಕೂರುತ್ತದೆ. ಹಳೆಯ ಇಂಗ್ಲಿಷಿನಲ್ಲಿ ಇದರ ರೂಪ ‘ಹಬ್ಬನ್’. ಲ್ಯಾಟಿನ್ನಿನಲ್ಲಿ ಇದೇ ಅರ್ಥದ ‘ಹಬೇರೆ’ ಎಂಬ ಪದ ಇರುವುದರಿಂದ ಎರಡೂ ನೆಂಟರು ಎಂದು ಯಾರಿಗಾದರೂ ಅನ್ನಿಸುತ್ತದೆ, ಆದರೆ ಅಲ್ಲ. ‘ಹ್ಯಾವ್’ನ ನಿಜವಾದ ದಾಯಾದಿ ಲ್ಯಾಟಿನ್ನಿನ ‘ಕಾಪೆರೆ’, ಅಂದರೆ ಹಿಡಿ. ‘ಕ್ಯಾಪ್ಚರ್’ ಬಂದದ್ದು ಅದರಿಂದ. ಇಂಗ್ಲಿಷೂ ಸೇರಿದ ಜರ್ಮನ್ ಕುಲದ ಭಾಷೆಗಳಲ್ಲಿ ಪದದ ಮೊದಲಿನ ‘ಕ’ಕಾರ ‘ಹ’ಕಾರವಾಯಿತು ಎಂದು ಜರ್ಮನಿಯ ಭಾಷಾವಿದ್ವಾಂಸ ಯಾಕೋಬ್ ಗ್ರಿಮ್ 1822ರಲ್ಲಿ ಸೂತ್ರ ಹಾಕಿ ತೋರಿಸಿದ. ಲ್ಯಾಟಿನ್ನಿನ ‘ಕಾರ್ನು’ ಇಂಗ್ಲಿಷಿನಲ್ಲಿ ‘ಹಾರ್ನ್’, ‘ಕೆಂಟುಮ್’ ಅಲ್ಲಿ ‘ಹಂಡ್ರೆಡ್’. ಹಳಗನ್ನಡದ ಪಾಲ್ ಹಾಲಾದ, ಪುಲಿ ಹುಲಿಯಾದ ಕನ್ನಡದವರಿಗೆ ಇದೇನು ವಿಚಿತ್ರವಲ್ಲ.

ಹಿಡಿ ಎಂಬ ಅರ್ಥದ ಪದ ಕಾಲ ಹೇಳತೊಡಗಿದ್ದು ಹೀಗೆ. ಮೊದಲು ‘ಐ ಹ್ಯಾವ್ ದ ಲೆಟರ್ ರಿಟನ್’ ಎಂಬಂಥ ವಾಕ್ಯ: ಬರೆದು ಮುಗಿದ ಕಾಗದ ನನ್ನ ಹತ್ತಿರ ಇದೆ. ಕ್ರಮೇಣ ಅದು ‘ಐ ಹ್ಯಾವ್ ರಿಟನ್ ದ ಲೆಟರ್’ ಆಯಿತು, ಕಾಗದ ಕೈಯಲ್ಲಿ ಇಲ್ಲದಿದ್ದರೂ ಬರೆದದ್ದರ ಫಲ ಈಗ ಉಳಿದಿದೆ ಎಂಬ ಅರ್ಥ ನಿಂತಿತು. ಕನ್ನಡ ಇದೇ ಊರಿಗೆ ಬೇರೆ ದಾರಿಯಿಂದ ಬಂದಿದೆ: ಬರೆದು, ಇದ್ದೇನೆ, ಬರೆದಿದ್ದೇನೆ. ಅಂದರೆ ‘ಮಾಡಿದ್ದೇನೆ’ಯ ಒಳಗಿನ ‘ಇರು’ ಮಾಡುವ ಕೆಲಸವನ್ನೇ ಇಂಗ್ಲಿಷಿನಲ್ಲಿ ‘ಹ್ಯಾವ್’ ಮಾಡುತ್ತದೆ. ಒಂದು ಕಾಲದಲ್ಲಿ ಇಂಗ್ಲಿಷ್ ಕೂಡ ಬರುವ, ಹೋಗುವ ಕ್ರಿಯೆಗಳಿಗೆ ನಮ್ಮ ಹಾಗೆ ‘ಇರು’ವನ್ನೇ ಹಚ್ಚಿ ‘ಹಿ ಈಸ್ ಕಮ್’ ಎನ್ನುತ್ತಿತ್ತು. ಇವತ್ತಿಗೂ ಉಳಿದಿರುವ ‘ಹಿ ಈಸ್ ಗಾನ್’ ಆ ಕಾಲದ್ದು.

ಇಷ್ಟು ಹೋಲಿಕೆ ಇದ್ದೂ ತಪ್ಪಾಗುವುದು ಏಕೆಂದರೆ ಕನ್ನಡದ ‘ಇದ್ದೇನೆ’ ಹೆಚ್ಚು ಸಡಿಲ. ‘ನಿನ್ನೆನೇ ಮೇಲ್ ಕಳಿಸಿದ್ದೀನಿ’ ಎಂಬುದು ಒಪ್ಪುವ ಕನ್ನಡ. ‘ಐ ಹ್ಯಾವ್ ಸೆಂಟ್ ದ ಮೇಲ್ ಎಸ್ಟರ್‌ಡೇ’ ಮಾತ್ರ ತಪ್ಪು. ನಿನ್ನೆ, ಹೋದ ವಾರ, 2019ರಲ್ಲಿ, ಹತ್ತು ನಿಮಿಷದ ಹಿಂದೆ ಎಂದು ಮುಗಿದ ಹೊತ್ತಿನ ಹೆಸರು ಹೇಳಿದ ಕೂಡಲೇ ‘ಹ್ಯಾವ್’ ಜಾಗ ಖಾಲಿ ಮಾಡಬೇಕು: ‘ಐ ಸೆಂಟ್ ದ ಮೇಲ್ ಎಸ್ಟರ್‌ಡೇ’. ಹೊತ್ತು ಹೇಳದಿದ್ದರೆ ‘ಐ ಹ್ಯಾವ್ ಸೆಂಟ್ ದ ಮೇಲ್’ ಸರಿ. ಆಫೀಸ್ ಮೇಲ್‌ಗಳಲ್ಲಿ ಇದೊಂದನ್ನು ತಿದ್ದಿಕೊಂಡರೆ ನಿಮ್ಮ ಇಂಗ್ಲಿಷ್ ಎದ್ದು ಕಾಣುವಷ್ಟು ಹಸನಾಗುತ್ತದೆ.

ಇನ್ನೊಂದು ತಪ್ಪಿಗೆ ಕಾರಣ ‘ಇಂದ’. ಹತ್ತು ವರ್ಷದಿಂದ, 2019ರಿಂದ, ಎರಡಕ್ಕೂ ನಮ್ಮಲ್ಲಿ ಒಂದೇ ಪ್ರತ್ಯಯ. ಇಂಗ್ಲಿಷ್ ಇದನ್ನು ಸೀಳುತ್ತದೆ: ಅವಧಿಯಾದರೆ ‘ಫಾರ್ ಟೆನ್ ಇಯರ್ಸ್’, ಶುರುವಾದ ಬಿಂದುವಾದರೆ ‘ಸಿನ್ಸ್ 2019’. ಜೊತೆಗೆ ‘ಇಲ್ಲಿ ಕೆಲಸ ಮಾಡ್ತಾ ಇದ್ದೀನಿ’ ಎಂಬುದು ನಮಗೆ ವರ್ತಮಾನವಾದರೂ, ಹಿಂದೆ ಶುರುವಾಗಿ ಇಲ್ಲಿಯವರೆಗೆ ಬಂದ ಕೆಲಸಕ್ಕೆ ಇಂಗ್ಲಿಷ್ ‘ಹ್ಯಾವ್’ ಕೇಳುತ್ತದೆ. ‘ಐ ಆಮ್ ವರ್ಕಿಂಗ್ ಹಿಯರ್ ಸಿನ್ಸ್ ಟೆನ್ ಇಯರ್ಸ್’ ಎಂಬ ಒಂದೇ ವಾಕ್ಯದಲ್ಲಿ ಎರಡು ತಪ್ಪುಗಳಿವೆ. ‘ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ಟೆನ್ ಇಯರ್ಸ್’ ಎಂದಾಗಬೇಕು.

‘ಹ್ಯಾವ್ ಬೀನ್’ಗೆ ಇನ್ನೊಂದು ಕೆಲಸವೂ ಇದೆ, ಅದು ನಮಗೆ ನೀರು ಕುಡಿದಷ್ಟು ಸಲೀಸು. ಹಂಪಿಗೆ ಹೋಗಿದ್ದಾನೆ ಎಂದರೆ ಇನ್ನೂ ಬಂದಿಲ್ಲ, ಹಂಪಿಗೆ ಹೋಗಿ ಬಂದಿದ್ದಾನೆ ಎಂದರೆ ವಾಪಸಾಗಿದ್ದಾನೆ. ಮೊದಲನೆಯದು ‘ಹಿ ಹ್ಯಾಸ್ ಗಾನ್ ಟು ಹಂಪಿ’, ಎರಡನೆಯದು ‘ಹಿ ಹ್ಯಾಸ್ ಬೀನ್ ಟು ಹಂಪಿ’. ಎದುರಿಗೆ ನಿಂತುಕೊಂಡು ‘ಐ ಹ್ಯಾವ್ ಗಾನ್ ಟು ಹಂಪಿ’ ಎಂದರೆ, ಹಾಗಾದರೆ ಇಲ್ಲಿರುವವರು ಯಾರು ಎಂದು ಕೇಳಬೇಕಾಗುತ್ತದೆ.

‘ಹ್ಯಾಡ್’ ವಿಷಯದಲ್ಲಿ ನಮ್ಮ ಕೈ ಧಾರಾಳ. ‘ಹೋದ ವಾರ ಮೈಸೂರಿಗೆ ಹೋಗಿದ್ದೆ’ ಎಂಬುದು ಕನ್ನಡದಲ್ಲಿ ಪೂರ್ತಿ ವಾಕ್ಯ. ಅದನ್ನೇ ‘ಐ ಹ್ಯಾಡ್ ಗಾನ್ ಟು ಮೈಸೂರು ಲಾಸ್ಟ್ ವೀಕ್’ ಮಾಡಿದರೆ ಕೇಳುಗ ಮುಂದಿನ ಮಾತಿಗೆ ಕಾಯುತ್ತಾನೆ: ಯಾವುದಕ್ಕಿಂತ ಮೊದಲು ಹೋಗಿದ್ದೆ? ‘ಹ್ಯಾಡ್’ ಜೊತೆಗೆ ಕ್ರಿಯಾಪದದ ಮೂರನೇ ರೂಪ (‘ಗೋ, ವೆಂಟ್, ಗಾನ್’ ಎಂಬಲ್ಲಿನ ‘ಗಾನ್’) ಬರಬೇಕಾದರೆ ಭೂತಕಾಲದಲ್ಲೇ ಎರಡನೆಯ ಘಟನೆಯೊಂದು ಇರಬೇಕು, ಕನಿಷ್ಠ ಹಿಂದಿನ ಮಾತಿನಲ್ಲಾದರೂ ಬಂದಿರಬೇಕು. ನಾನು ಮೆಜೆಸ್ಟಿಕ್ ತಲುಪುವ ಹೊತ್ತಿಗೆ ಬಸ್ಸು ಹೊರಟಿತ್ತು, ‘ವೆನ್ ಐ ರೀಚ್ಡ್ ಮೆಜೆಸ್ಟಿಕ್, ದ ಬಸ್ ಹ್ಯಾಡ್ ಲೆಫ್ಟ್’. ಎರಡರಲ್ಲಿ ಮೊದಲು ನಡೆದದ್ದಕ್ಕೆ ಮಾತ್ರ ‘ಹ್ಯಾಡ್’. ಘಟನೆ ಒಂದೇ ಆದರೆ ‘ಐ ವೆಂಟ್’ ಸಾಕು.

ಇನ್ನು ‘ಹ್ಯಾಡ್ ಹ್ಯಾಡ್’. ಅದು ತಪ್ಪಲ್ಲ. ‘ಶಿ ಹ್ಯಾಡ್ ಹ್ಯಾಡ್ ಬ್ರೇಕ್‌ಫಾಸ್ಟ್ ಬಿಫೋರ್ ಐ ಕೇಮ್’ ಎಂಬಲ್ಲಿ ಮೊದಲ ‘ಹ್ಯಾಡ್’ ಸಹಾಯಕ, ಎರಡನೆಯದು ತಿಂಡಿ ತಿಂದದ್ದು. ನಾನು ಬರುವ ಹೊತ್ತಿಗೆ ಅವಳ ತಿಂಡಿ ಆಗಿತ್ತು. ನಿಮಗೆ ಇದು ವಿಚಿತ್ರವಾಗಿ ಕಂಡರೆ ದಿನಾ ನೀವೇ ಆಡುವ ಮಾತೊಂದನ್ನು ಬಿಡಿಸಿ ನೋಡಿ: ‘ದುಡ್ಡು ಇದ್ದಿದ್ರೆ ತಗೋತಿದ್ದೆ’. ಇದ್ದು, ಇದ್ದರೆ. ‘ಇರು’ ಎರಡು ಸಲ ಬಂದಿದೆ, ಒಂದು ದುಡ್ಡು ಇರುವುದಕ್ಕೆ, ಇನ್ನೊಂದು ಕಾಲಕ್ಕೆ. ಇಂಗ್ಲಿಷಿನಲ್ಲೂ ಅಷ್ಟೇ: ‘ಇಫ್ ಐ ಹ್ಯಾಡ್ ಹ್ಯಾಡ್ ದ ಮನಿ, ಐ ವುಡ್ ಹ್ಯಾವ್ ಬಾಟ್ ಇಟ್’. ‘ಇದ್ದಿದ್ರೆ’ ಎಂದು ಬಾಯಿಗೆ ಬಂದಾಗ ‘ಹ್ಯಾಡ್ ಹ್ಯಾಡ್’ ಎಂದು ಧೈರ್ಯವಾಗಿ ಬರೆಯಿರಿ. ‘ಇದ್ರೆ ತಗೋತೀನಿ’ ಎಂದಾದರೆ ‘ಇಫ್ ಐ ಹ್ಯಾವ್ ದ ಮನಿ, ಐ ವಿಲ್ ಬೈ ಇಟ್’. ‘ಇಫ್’ ಇರುವ ಭಾಗಕ್ಕೆ ‘ವುಡ್’ ತುರುಕಿ ‘ಇಫ್ ಐ ವುಡ್ ಹ್ಯಾವ್ ಹ್ಯಾಡ್’ ಎನ್ನಬೇಡಿ. ‘ವುಡ್’ಗೆ ಜಾಗ ‘ತಗೋತಿದ್ದೆ’ ಎಂಬ ಕಡೆಯಲ್ಲಿ. (ಹನ್ನೊಂದು ‘ಹ್ಯಾಡ್’ಗಳನ್ನು ಸಾಲಾಗಿ ನಿಲ್ಲಿಸಿ ಅರ್ಥ ಹೊರಡಿಸುವ ಒಗಟಿನ ವಾಕ್ಯವೊಂದು ಇಂಗ್ಲಿಷಿನಲ್ಲಿದೆ. ಅದು ಚಿಹ್ನೆಗಳ ಆಟ, ನಿಮಗೆ ಎರಡು ಸಾಕು.)

ಊಹೆಯ ವಾಕ್ಯಗಳಲ್ಲಿ ಎರಡು ಭಾಷೆಗಳ ಹೋಲಿಕೆ ಕನ್ನಡಿಯ ಬಿಂಬದಂತೆ ಇದೆ. ‘ಬಂದಿರಬೇಕು’ ಬಿಡಿಸಿದರೆ ಬಂದು, ಇರ, ಬೇಕು. ಹಿಂದುಮುಂದಾಗಿ ಓದಿ: ‘ಮಸ್ಟ್ ಹ್ಯಾವ್ ಕಮ್’. ಬಂದಿರಬಹುದು, ‘ಮೇ ಹ್ಯಾವ್ ಕಮ್’. ಬಂದಿರುತ್ತಾನೆ, ‘ವಿಲ್ ಹ್ಯಾವ್ ಕಮ್’. ನಡುವಿನ ‘ಇರ’ ಇರುವ ಕಡೆಯಲ್ಲೇ ‘ಹ್ಯಾವ್’ ಕೂರುತ್ತದೆ. ಅವನು, ಅವಳು ಯಾರೇ ಆಗಲಿ, ಇಲ್ಲಿ ‘ಹ್ಯಾಸ್’ ಬರುವುದಿಲ್ಲ. ವೇಗದ ಮಾತಿನಲ್ಲಿ ಈ ‘ಹ್ಯಾವ್’ ಸವೆದು ‘ಅವ್’ ಆಗುತ್ತದೆ. ಅದು ಓ, ಎಫ್ ಎಂಬ ಎರಡೇ ಅಕ್ಷರದ ‘ಆಫ್’ ಪದದ ಉಚ್ಚಾರಣೆಗೆ ಎಷ್ಟು ಹತ್ತಿರವೆಂದರೆ, ಇಂಗ್ಲಿಷನ್ನೇ ತಾಯಿನುಡಿಯಾಗಿ ಆಡುವವರು ಕೂಡ ‘ಶುಡ್ ಹ್ಯಾವ್’ ಬದಲು ‘ಶುಡ್ ಆಫ್’ ಎಂದು ಬರೆದು ಮೇಷ್ಟರ ಕೈಲಿ ಬೈಸಿಕೊಳ್ಳುತ್ತಾರೆ. ನಾವು ಕೇಳಿ ಕಲಿತದ್ದಕ್ಕಿಂತ ಓದಿ ಕಲಿತದ್ದು ಹೆಚ್ಚಾದ್ದರಿಂದ ನಮಗೆ ಆ ಕಾಟ ಕಡಿಮೆ.

‘ಬೇಕು’ ಬಂದಾಗ ‘ಹ್ಯಾವ್ ಟು’. ಹೋಗಬೇಕು, ‘ಐ ಹ್ಯಾವ್ ಟು ಗೋ’. ಇದರಲ್ಲಿ ದೊಡ್ಡ ಗುಂಡಿ ಇರುವುದು ಭೂತಕಾಲದಲ್ಲಿ. ‘ನಿನ್ನೆ ಬ್ಯಾಂಕಿಗೆ ಹೋಗಬೇಕಾಯ್ತು’ ಎಂದರೆ ಹೋದೆ. ‘ಹೋಗಬೇಕಿತ್ತು’ ಎಂದರೆ ಸಾಮಾನ್ಯವಾಗಿ ಹೋಗಲಿಲ್ಲ. ಎರಡನ್ನೂ ‘ಐ ಹ್ಯಾಡ್ ಟು ಗೋ’ ಎಂದು ತರ್ಜುಮೆ ಮಾಡುವವರೇ ಹೆಚ್ಚು, ಆದರೆ ‘ಹ್ಯಾಡ್ ಟು’ ಎಂದರೆ ಹೋಗಿ ಬಂದದ್ದೇ. ಹೋಗದಿದ್ದರೆ ‘ಐ ವಾಸ್ ಸಪೋಸ್ಡ್ ಟು ಗೋ’ ಎನ್ನಬೇಕು, ತಪ್ಪು ನನ್ನದೇ ಎಂಬ ಧ್ವನಿ ಬೇಕಾದರೆ ‘ಐ ಶುಡ್ ಹ್ಯಾವ್ ಗಾನ್’. ‘ರಿಪೋರ್ಟ್ ಕಳಿಸಬೇಕಿತ್ತು’ ಎಂದುಕೊಂಡು ‘ಐ ಹ್ಯಾಡ್ ಟು ಸೆಂಡ್ ದ ರಿಪೋರ್ಟ್’ ಎಂದು ಬರೆದರೆ, ಓದಿದವರು ರಿಪೋರ್ಟ್ ಬಂದಿರಬೇಕೆಂದು ಇನ್‌ಬಾಕ್ಸ್ ಹುಡುಕುತ್ತಾರೆ.

ಇಲ್ಲ ಎನ್ನುವಾಗಲೂ ಹುಷಾರು. ‘ಯೂ ಡೋಂಟ್ ಹ್ಯಾವ್ ಟು ಕಮ್’ ಎಂದರೆ ಬರಬೇಕಾಗಿಲ್ಲ, ಬಂದರೂ ಸರಿ. ‘ಯೂ ಮಸ್ಟ್ ನಾಟ್ ಕಮ್’ ಎಂದರೆ ಬರಕೂಡದು. ‘ಹ್ಯಾವ್ ಟು’, ‘ಮಸ್ಟ್’ ಎರಡೂ ಬೇಕು ಎನ್ನುವಾಗ ಅಕ್ಕತಂಗಿಯರಂತಿದ್ದು, ಇಲ್ಲ ಎನ್ನುವಾಗ ಬೇರೆ ಬೇರೆ ಮನೆ ಮಾಡುತ್ತವೆ.

ಉಚ್ಚಾರಣೆಯಲ್ಲೂ ಇದು ಪ್ರತ್ಯೇಕ. ಬೇಕು ಎಂಬ ಅರ್ಥದಲ್ಲಿ ಅದು ‘ಹ್ಯಾಫ್ ಟು’ ಎಂದು ಕೇಳಿಸುತ್ತದೆ, ‘ಹ್ಯಾಸ್ ಟು’ ಕೂಡ ಗಟ್ಟಿ ಸಕಾರದಲ್ಲಿ ಮುಗಿಯುತ್ತದೆ. ಪಕ್ಕದ ‘ಟ’ಕಾರ ಹಿಂದಿನ ವ್ಯಂಜನದ ನಾದವನ್ನು ನುಂಗುತ್ತದೆ. ಇದರಿಂದ ಅರ್ಥವೂ ಗೊತ್ತಾಗುತ್ತದೆ. ‘ದ ಟೂ ಬುಕ್ಸ್ ಐ ಹ್ಯಾವ್ ಟು ರೀಡ್’ ಎಂಬುದನ್ನು ‘ಹ್ಯಾಫ್’ ಎಂದರೆ ನಾನು ಓದಲೇಬೇಕಾದ ಎರಡು ಪುಸ್ತಕ, ‘ಹ್ಯಾವ್’ ಎಂದು ವಕಾರ ಉಳಿಸಿದರೆ ಓದಲಿಕ್ಕೆಂದು ನನ್ನ ಹತ್ತಿರ ಇರುವ ಎರಡು ಪುಸ್ತಕ.

ಈಗ ‘ಮಾಡಿಸು’. ‘ಐ ಕಟ್ ಮೈ ಹೇರ್’ ಎಂದರೆ ಕತ್ತರಿ ನಿಮ್ಮ ಕೈಯಲ್ಲೇ ಇತ್ತು ಎಂದರ್ಥ. ಕಟಿಂಗ್ ಮಾಡಿಸಿಕೊಂಡೆ ಎನ್ನಲು ‘ಐ ಹ್ಯಾಡ್ ಮೈ ಹೇರ್ ಕಟ್’. ಬೇರೆಯವರ ಕೈಲಿ ಮಾಡಿಸಿದ್ದು ಎಂಬ ಅರ್ಥದಲ್ಲಿ ಕನ್ನಡದ ‘ಇಸು’ ಪ್ರತ್ಯಯ ಬಂದಾಗ ಇಂಗ್ಲಿಷಿನಲ್ಲಿ ಈ ಅಚ್ಚು ಸಿದ್ಧವಾಗಿದೆ: ‘ಹ್ಯಾಡ್’, ಆಮೇಲೆ ವಸ್ತು, ಆಮೇಲೆ ಕ್ರಿಯೆಯ ಮೂರನೇ ರೂಪ. ಗಾಡಿ ಸರ್ವಿಸ್ ಮಾಡಿಸಿದೆ, ‘ಐ ಹ್ಯಾಡ್ ಮೈ ಬೈಕ್ ಸರ್ವಿಸ್ಡ್’. ಮನೆಗೆ ಬಣ್ಣ ಹೊಡೆಸಿದೆವು, ‘ವಿ ಹ್ಯಾಡ್ ದ ಹೌಸ್ ಪೇಂಟೆಡ್’. ಜಾಗ ತಪ್ಪಿಸಬೇಡಿ. ‘ಐ ಹ್ಯಾಡ್ ಪೇಂಟೆಡ್ ದ ಹೌಸ್’ ಎಂದರೆ ಬ್ರಷ್ ಹಿಡಿದವರು ನೀವೇ.

ಯಾರ ಕೈಲಿ ಮಾಡಿಸಿದಿರಿ ಎಂದು ಹೇಳಬೇಕಾದರೆ ವಸ್ತುವಿನ ಜಾಗಕ್ಕೆ ಮನುಷ್ಯ ಬರುತ್ತಾನೆ, ಕ್ರಿಯೆ ಮೊದಲನೇ ರೂಪಕ್ಕೆ ತಿರುಗುತ್ತದೆ. ಮೆಕ್ಯಾನಿಕ್ ಕೈಲಿ ಬ್ರೇಕ್ ಸರಿ ಮಾಡಿಸಿದೆ, ‘ಐ ಹ್ಯಾಡ್ ದ ಮೆಕ್ಯಾನಿಕ್ ಫಿಕ್ಸ್ ದ ಬ್ರೇಕ್ಸ್’. ‘ಟು ಫಿಕ್ಸ್’ ಬೇಡ. ‘ಟು’ ಬೇಕಾಗುವುದು ‘ಗೆಟ್’ ಬಳಸಿದಾಗ: ‘ಐ ಗಾಟ್ ಮೈ ಬ್ರದರ್ ಟು ಫಿಕ್ಸ್ ದ ಬ್ರೇಕ್ಸ್’. ಕೆಲಸ ಮಾಡುವುದೇ ಕಸುಬಾದವರಿಗೆ, ಕೈಕೆಳಗಿನವರಿಗೆ ‘ಹ್ಯಾವ್’ ಹೊಂದುತ್ತದೆ. ಪುಸಲಾಯಿಸಿ, ದುಂಬಾಲು ಬಿದ್ದು ಮಾಡಿಸಿದ್ದಕ್ಕೆ ‘ಗೆಟ್’. ತಮ್ಮನ ಕೈಲಿ ಮಾಡಿಸಿದ್ದು ಎರಡನೇ ಜಾತಿಗೆ ಸೇರುವುದೇ ಹೆಚ್ಚು. ಇದೇ ಅಚ್ಚಿನಲ್ಲಿ ಕೆಟ್ಟದ್ದೂ ಬರುತ್ತದೆ. ‘ಐ ಹ್ಯಾಡ್ ಮೈ ವಾಲೆಟ್ ಸ್ಟೋಲನ್’ ಎಂದರೆ ಯಾರೂ ಹೇಳಿ ಕದಿಸಿದ್ದಲ್ಲ, ಪರ್ಸ್ ಕಳವಾ‌ಯಿತು ಅಷ್ಟೆ.

ಪ್ರಶ್ನೆ, ನಿಷೇಧಗಳಿಗೆ ಬಂದರೆ ಎಡವುವ ಕಲ್ಲು ಒಂದೇ: ‘ಡಸ್ ಹಿ ಹ್ಯಾಸ್?’, ‘ಐ ಡಿಡಂಟ್ ಹ್ಯಾಡ್’. ‘ಡಸ್’, ‘ಡಿಡ್’ ಬಂದಮೇಲೆ ವ್ಯಕ್ತಿ, ಕಾಲದ ಗುರುತೆಲ್ಲ ಅವೇ ಹೊತ್ತುಕೊಳ್ಳುತ್ತವೆ, ಅವುಗಳ ನಂತರ ಬರುವುದು ಬರಿಗೈಯ ‘ಹ್ಯಾವ್’. ಹಳೆಯ ಪಠ್ಯಗಳಲ್ಲಿ ಕಾಣುವ ‘ಹ್ಯಾವ್ ಯೂ ಎ ಪೆನ್?’, ‘ಐ ಹ್ಯಾವಂಟ್ ಎನಿ ಮನಿ’ ಬ್ರಿಟಿಷರ ಹಳೆಯ ಶೈಲಿ. ತಪ್ಪಲ್ಲ, ಆದರೆ ಈಗ ಕಿವಿಗೆ ಪುರಾತನ.

‘ಹ್ಯಾವ್ ಗಾಟ್’ ಎಂಬುದು ಇರುವಿಕೆಯ ‘ಹ್ಯಾವ್’ನ ಮಾತಿನ ರೂಪ. ‘ಐವ್ ಗಾಟ್ ಎ ಕಾರ್’ ಎಂದರೆ ‘ಐ ಹ್ಯಾವ್ ಎ ಕಾರ್’, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ‘ಹ್ಯಾವ್ ಗಾಟ್ ಟು’ ಎಂದರೆ ‘ಹ್ಯಾವ್ ಟು’. ಅಮೆರಿಕದವರು ಸಿಕ್ಕಿತು, ಆಯಿತು ಎನ್ನಲು ‘ಹ್ಯಾವ್ ಗಾಟನ್’ ಬಳಸಿ, ಇದೆ ಎನ್ನಲು ‘ಹ್ಯಾವ್ ಗಾಟ್’ ಉಳಿಸಿಕೊಂಡಿದ್ದಾರೆ. ಭೂತಕಾಲಕ್ಕೆ ಮಾತ್ರ ಸುಮ್ಮನೆ ‘ಐ ಹ್ಯಾಡ್ ಎ ಕಾರ್’ ಎನ್ನಿ.

ಮೊಟಕು ರೂಪಗಳು ಓದುವಾಗ ಕಾಡುತ್ತವೆ. ‘ಹೀಸ್’ ಎಂಬುದು ‘ಹಿ ಈಸ್’ ಆಗಿರಬಹುದು, ‘ಹಿ ಹ್ಯಾಸ್’ ಆಗಿರಬಹುದು. ಮುಂದೆ ‘ಗಾಟ್’ ಅಥವಾ ‘ಬೀನ್’ ಬಂದರೆ ಅದು ‘ಹ್ಯಾಸ್’. ‘ಐಡ್’ ಎಂಬುದರ ಮುಂದೆ ಮೂರನೇ ರೂಪ ಇದ್ದರೆ ‘ಹ್ಯಾಡ್’, ಮೊದಲನೇ ರೂಪ ಇದ್ದರೆ ‘ವುಡ್’. ಇದಕ್ಕೆ ಹೊರತಾದದ್ದು ‘ಬೆಟರ್’. ‘ಯೂಡ್ ಬೆಟರ್ ಗೋ’ ಎಂಬಲ್ಲಿ ‘ಗೋ’ ಇದ್ದರೂ ಅದು ‘ಹ್ಯಾಡ್ ಬೆಟರ್’.

ಆ ‘ಹ್ಯಾಡ್ ಬೆಟರ್’ ಬಗ್ಗೆ ಒಂದು ಎಚ್ಚರ. ಪದಪದವಾಗಿ ‘ಮಾಡಿದರೆ ಒಳ್ಳೆಯದು’ ಎಂದು ಕಲಿಸುತ್ತಾರೆ. ಕನ್ನಡದಲ್ಲಿ ಅದು ನಯವಾದ ಸಲಹೆ. ಇಂಗ್ಲಿಷಿನಲ್ಲಿ ‘ಮಾಡದಿದ್ದರೆ ನೋಡು’ ಎಂಬ ಬಾಲ ಅಂಟಿರುತ್ತದೆ. ಮ್ಯಾನೇಜರಿಗೋ ಗ್ರಾಹಕರಿಗೋ ‘ಯೂ ಹ್ಯಾಡ್ ಬೆಟರ್ ಚೆಕ್ ದ ಇನ್‌ವಾಯ್ಸ್’ ಎಂದು ಬರೆದರೆ ಬೆದರಿಕೆ ಹಾಕಿದಂತೆ. ‘ಇಟ್ ಮೈಟ್ ಬಿ ಗುಡ್ ಟು ಚೆಕ್’ ಎನ್ನಿ.

ಇನ್ನು ನುಡಿಗಟ್ಟುಗಳು. ಇವನ್ನು ಕಟ್ಟಿಕೊಳ್ಳಲು ಸೂತ್ರವಿಲ್ಲ, ಒಂದೊಂದಾಗಿ ಎದುರಾದಾಗ ಗುರುತಿಟ್ಟುಕೊಳ್ಳಬೇಕು. ‘ಹ್ಯಾವ್ ಎ ವರ್ಡ್ ವಿತ್ ಹಿಮ್’ ಎಂದರೆ ಅವನ ಹತ್ತಿರ ಒಂದು ಮಾತಾಡು, ‘ಹ್ಯಾವ್ ವರ್ಡ್ಸ್ ವಿತ್ ಹಿಮ್’ ಎಂದರೆ ಜಗಳ. ನಮ್ಮಲ್ಲೂ ‘ಮಾತಾಡು’ ಬೇರೆ, ‘ಮಾತಿಗೆ ಮಾತು ಬೆಳೆಯಿತು’ ಎನ್ನುವುದು ಬೇರೆ ತಾನೇ. ‘ಐ ವೋಂಟ್ ಹ್ಯಾವ್ ಇಟ್’, ಇದನ್ನು ನಾನು ಸಹಿಸಲ್ಲ. ‘ಐವ್ ಹ್ಯಾಡ್ ಇಟ್’, ಸಾಕಾಗಿ ಹೋಗಿದೆ. ‘ರೂಮರ್ ಹ್ಯಾಸ್ ಇಟ್’, ಸುದ್ದಿ ಹಬ್ಬಿದೆ. ‘ವಿ ಹ್ಯಾಡ್ ದೆಮ್ ಓವರ್’, ಮನೆಗೆ ಕರೆದಿದ್ದೆವು. ‘ಆರ್ ಯೂ ಹ್ಯಾವಿಂಗ್ ಮಿ ಆನ್?’ ಎಂದು ಬ್ರಿಟಿಷ್ ಸಹೋದ್ಯೋಗಿ ಕೇಳಿದರೆ, ತಮಾಷೆ ಮಾಡ್ತಿದ್ದೀಯಾ ಎಂದು. ‘ಯೂ ಹ್ಯಾವ್ ಬೀನ್ ಹ್ಯಾಡ್’ ಎಂದು ಯಾರಾದರೂ ಹೇಳಿದರೆ ಎರಡು ‘ಹ್ಯಾವ್’ ಎಣಿಸುತ್ತ ಕೂರಬೇಡಿ, ಮೊದಲು ಬ್ಯಾಂಕ್ ಖಾತೆ ನೋಡಿಕೊಳ್ಳಿ. ಯಾರೋ ನಿಮಗೆ ಟೋಪಿ ಹಾಕಿದ್ದಾರೆ.